ಹತ್ತು ನಿಮಿಷದ ಪೊರಕೆ

ರಘೋತ್ತಮನಿಗೆ ಐವತ್ತಾರು ವರ್ಷ. ಅದರಲ್ಲಿ ಇಪ್ಪತ್ತೆರಡು ವರ್ಷ ಹೊಸೂರಿನ ಒಂದೇ ಆಸ್ಪತ್ರೆಯ ಕಂಪ್ಯೂಟರ್ ಕೋಣೆಯಲ್ಲಿ ಕಳೆದುಹೋಗಿತ್ತು. ಹೊಸೂರು, ಸೂಳಗಿರಿ, ಕೃಷ್ಣಗಿರಿ, ಮೂರು ಕಡೆ ಶಾಖೆ ಇದ್ದ ಖಾಸಗಿ ಆಸ್ಪತ್ರೆ ಅದು. ಯಾವ ರೋಗಿ ಯಾವ ಮಂಚದಲ್ಲಿದ್ದಾನೆ, ಯಾವ ಕಪಾಟಿನಲ್ಲಿ ಯಾವ ಔಷಧ ಎಷ್ಟು ಉಳಿದಿದೆ ಎಂಬುದೆಲ್ಲ ಕೂತಿದ್ದ ಹೊಸೂರಿನ ಡೇಟಾಬೇಸಿಗೆ ಅವನೇ ಅಪ್ಪ, ಅವನೇ ಅಮ್ಮ. "ರಘೋತ್ತಮ ಸಾರ್ ಹೇಳಿದ್ರೆ ಮುಗೀತು" ಎನ್ನುವ ಮಾತು ಡಾಕ್ಟರುಗಳಿಂದ ಹಿಡಿದು ನೆಲ ಒರೆಸುವವರ ತನಕ ಎಲ್ಲರ ಬಾಯಲ್ಲೂ ಇತ್ತು. ಅದನ್ನು ಕೇಳಿದಾಗಲೆಲ್ಲ ಅವನು ಕನ್ನಡಕ ತೆಗೆದು ಪಂಚೆಯ ಚುಂಗಿನಿಂದ ಒರೆಸುವವನ ಹಾಗೆ ಅಂಗಿಯ ತುದಿಯಿಂದ ಒರೆಸಿಕೊಳ್ಳುತ್ತಿದ್ದ. ಒಳಗಿನ ಹಿಗ್ಗನ್ನು ಮುಚ್ಚಿಡಲು ಅವನಿಗೆ ಗೊತ್ತಿದ್ದ ಉಪಾಯ ಅದೊಂದೇ.

ಅವನ ಹತ್ತಿರ ಒಂದು ಪೊರಕೆ ಇತ್ತು. ಕಸ ಗುಡಿಸುವುದು ಅಂದುಕೊಳ್ಳಬೇಡಿ, ಅವನೇ ಬರೆದ ಒಂದು ಪುಟ್ಟ ಪ್ರೋಗ್ರಾಮು. ಹಿಂದೆಲ್ಲ ಕೌಂಟರಿನವರು ಒಂದು ನಮೂದನ್ನು ಅರ್ಧ ಮಾಡಿ ಟೀ ಕುಡಿಯಲು ಎದ್ದುಬಿಡುತ್ತಿದ್ದರು. ಆ ಅರ್ಧ ನಮೂದು ಔಷಧದ ಲೆಕ್ಕವನ್ನು ಹಿಡಿದುಕೊಂಡು ಕೂತರೆ ಮಿಕ್ಕವರ ಪರದೆಗಳೆಲ್ಲ ಅಲ್ಲಾಡದೆ ನಿಂತುಬಿಡುತ್ತಿದ್ದವು. ಫೋನಿನ ಮೇಲೆ ಫೋನು, ಬೈಗುಳದ ಮೇಲೆ ಬೈಗುಳ. ಸಾಕಾಗಿ ಹೋಗಿ ರಘೋತ್ತಮ ಒಂದು ಭಾನುವಾರ ಹಟ ಹಿಡಿದು ಕೂತು ಪೊರಕೆ ಬರೆದ. ಹತ್ತು ನಿಮಿಷಕ್ಕಿಂತ ಹೆಚ್ಚು ಹೊತ್ತು ಅರ್ಧಕ್ಕೆ ನಿಂತದ್ದು ಏನೇ ಕಂಡರೂ ಗುಡಿಸಿ ಹಾಕುವುದು, ಏನೂ ನಡೆದೇ ಇಲ್ಲ ಎಂಬಂತೆ ಮಾಡುವುದು, ಅಷ್ಟೇ ಅದರ ಕೆಲಸ. ಮುಂದೆ ಲ್ಯಾಬಿನ ಯಂತ್ರವನ್ನು ಡೇಟಾಬೇಸಿಗೆ ಜೋಡಿಸಲು ಹೋಗಿ, ಆ ಯಂತ್ರದ ಉತ್ತರಕ್ಕಾಗಿ ಕಾಯುತ್ತ ನಿಂತ ನಮೂದುಗಳು ರಾಶಿ ಬಿದ್ದಾಗ ಅಂಥವನ್ನೂ ಗುಡಿಸಲು ಅದಕ್ಕೆ ಕಲಿಸಿದ. ಲ್ಯಾಬಿನ ಜೋಡಣೆ ಕೈಬಿಟ್ಟು ಹೋಯಿತು. ಪೊರಕೆ ಉಳಿಯಿತು. ಸದ್ದಿಲ್ಲದೆ ಕೆಲಸ ಮಾಡುವವರನ್ನು ಮರೆಯುವುದು ಎಷ್ಟು ಸುಲಭ ನೋಡಿ, ಕೆಲವು ವರ್ಷಗಳಲ್ಲಿ ಬರೆದವನಿಗೇ ಅದರ ನೆನಪು ಹೋಯಿತು.

ಹೋದ ವರ್ಷ ಮೂರು ಊರಿನ ಮೂರು ಡೇಟಾಬೇಸುಗಳನ್ನು ಒಂದಕ್ಕೊಂದು ಹೊಂದಿಸುವ ಕೆಲಸ ಶುರುವಾಯಿತು. ಹೊಸೂರಿನಿಂದ ಹೊರಟ ಔಷಧ ಸೂಳಗಿರಿಯ ಲೆಕ್ಕಕ್ಕೆ ಏರುವುದು ಮೂರು ದಿನ ತಡವಾಗುತ್ತಿತ್ತು, ಒಮ್ಮೊಮ್ಮೆ ಏರುತ್ತಲೇ ಇರಲಿಲ್ಲ. ಕೆಲಸ ವಹಿಸಿಕೊಂಡ ಕಂಪನಿಯ ಕಡೆಯಿಂದ ಬಂದವಳು ದೀಪ್ತಿ, ಕೃಷ್ಣಗಿರಿಯ ಹುಡುಗಿ, ಮಾತಿನಲ್ಲೂ ಕೆಲಸದಲ್ಲೂ ಚುರುಕು. ಮೂರೂ ಡೇಟಾಬೇಸುಗಳ ಲೆಕ್ಕ ಹೊಂದಿಸಲು ಕೃಷ್ಣಗಿರಿಯಲ್ಲಿ ಕೂರಿಸಿದ 'ಟ್ರಾನ್ಸಾಕ್ಷನ್ ಮ್ಯಾನೇಜರ್' ಎಂಬ ಪ್ರೋಗ್ರಾಮಿಗೆ ರಘೋತ್ತಮ ಮೊದಲ ದಿನವೇ 'ಯಜಮಾನ' ಎಂದು ಹೆಸರಿಟ್ಟ. ಹತ್ತು ಸೀಸೆ ಔಷಧ ಹೊಸೂರಿನಿಂದ ಸೂಳಗಿರಿಗೆ ಹೋಗಬೇಕೆಂದರೆ ಯಜಮಾನ ಮೊದಲು ಇಬ್ಬರನ್ನೂ ಕೇಳುತ್ತಾನೆ. ಹೊಸೂರೇ, ಹತ್ತು ಕಳೆಯಲು ರೆಡಿಯಾ? ಸೂಳಗಿರಿಯೇ, ಹತ್ತು ಕೂಡಲು ರೆಡಿಯಾ? ಇಬ್ಬರೂ ರೆಡಿ ಎಂದ ಮೇಲೆ, ಸರಿ, ಬರೆದುಕೊಳ್ಳಿ ಎನ್ನುತ್ತಾನೆ. ಬರೆದರೆ ಇಬ್ಬರೂ ಬರೆಯಬೇಕು, ಬಿಟ್ಟರೆ ಇಬ್ಬರೂ ಬಿಡಬೇಕು.

"ಸಾರ್, ಒಂದ್ಸಲ 'ರೆಡಿ' ಅಂದ್ಮೇಲೆ ಡೇಟಾಬೇಸ್ ಮಾತು ತಪ್ಪೋ ಹಾಗಿಲ್ಲ" ಎಂದಿದ್ದಳು ದೀಪ್ತಿ. "ತಾಂಬೂಲ ಬದಲಾಯಿಸಿದ ಹಾಗೆ ಅಂದ್ಕೊಳ್ಳಿ. ಲೈನ್ ಹೋದ್ರೂ ಸರಿ, ಯಜಮಾನ ಮುಂದಿನ ಮಾತು ಹೇಳೋವರೆಗೂ ಕಾಯ್ಲೇಬೇಕು. ಒಂದು ಗಂಟೆ ಆಗ್ಲಿ, ಒಂದು ದಿನ ಆಗ್ಲಿ. ಹಾಗೆ ಕಾಯ್ತಿರೋದನ್ನ ಮುಟ್ಟೋ ಬೇರೆ ಪ್ರೋಗ್ರಾಮ್ ಏನಾದ್ರೂ ಇದೆಯಾ ಸಾರ್ ನಿಮ್ಮ ಕಡೆ?"

"ನನ್ನ ಡೇಟಾಬೇಸಲ್ಲಿ ನನ್ನ ಕೇಳದೆ ಸೊಳ್ಳೆ ಕೂಡ ಹಾರಲ್ಲಮ್ಮ. ಏನೂ ಇಲ್ಲ, ಬರ್ಕೋ" ಎಂದ ರಘೋತ್ತಮ. ದೀಪ್ತಿ ಬರೆದುಕೊಂಡಳು.

ಅದೇ ವಾರ ಇನ್ನೊಂದು ಕೆಲಸ ಮಾಡಿದ. ಔಷಧದ ಸ್ಟೋರಿನಲ್ಲಿ ಮಾಲಾ ಎಂಬಾಕೆ ಹದಿನಾಲ್ಕು ವರ್ಷದಿಂದ ಒಂದು ದಪ್ಪ ನೋಟ್‌ಬುಕ್ಕು ಇಟ್ಟಿದ್ದಳು. ಬಂದದ್ದು, ಹೋದದ್ದು, ತಾರೀಕು, ಗಂಟೆ, ಎಲ್ಲ ದುಂಡಗಿನ ತಮಿಳು ಅಕ್ಷರದಲ್ಲಿ. ಮಾಲಾ ಬಾಗಲೂರಿನವಳು, ಮನೆಯಲ್ಲಿ ಕನ್ನಡ, ಓದಿದ್ದು ತಮಿಳು. ರಘೋತ್ತಮ ತಾನೇ ಹೋಗಿ ನೋಟ್‌ಬುಕ್ಕು ನಿಲ್ಲಿಸಿದ. "ಎರಡು ಕಡೆ ಬರೆದರೆ ಎರಡು ನಿಜ ಆಗುತ್ತಮ್ಮ. ಇನ್ಮೇಲೆ ಪರದೆ ಹೇಳಿದ್ದೇ ನಿಜ" ಎಂದ. ಮಾಲಾ ಬುಕ್ಕನ್ನು ಬಟ್ಟೆಯಲ್ಲಿ ಸುತ್ತಿ ಕಪಾಟಿನ ಮೇಲಿಟ್ಟಳು. ನೀವು ಹೇಳಿದ್ಮೇಲೆ ಮುಗೀತಲ್ಲ ಸಾರ್ ಎಂದು ನಕ್ಕಳು.

ಎಂಟು ತಿಂಗಳು ಎಲ್ಲ ಹೂವಿನ ಸರ ಎತ್ತಿದಷ್ಟು ಸುಲಭವಾಗಿ ನಡೆಯಿತು. ಆಮೇಲೆ ಆ ಮಂಗಳವಾರ ಬಂತು.

ಸೂಳಗಿರಿಯಲ್ಲಿ ಹಾವು ಕಡಿದವರಿಗೆ ಕೊಡುವ ಇಂಜೆಕ್ಷನ್ ಮುಗಿದಿತ್ತು. ಹೊಸೂರಿನಲ್ಲಿದ್ದದ್ದು ಹತ್ತು ಸೀಸೆ. ಗುರುವಾರ ಹೊಸ ಸರಕು ಬರುತ್ತದೆ, ಅಲ್ಲಿಯ ತನಕ ಇರುವುದನ್ನು ಕಳಿಸಿ ಎಂದು ದೊಡ್ಡ ಡಾಕ್ಟರು ಹೇಳಿದರು. ಬೆಳಿಗ್ಗೆ ಹನ್ನೊಂದೂವರೆಗೆ ಮಾಲಾ ಹತ್ತೂ ಸೀಸೆಯನ್ನು ಐಸ್ ಪೆಟ್ಟಿಗೆಯಲ್ಲಿಟ್ಟು ವ್ಯಾನಿಗೆ ಹತ್ತಿಸಿ, ಪರದೆಯಲ್ಲಿ 'ಕಳಿಸಿದೆ' ಎಂಬುದನ್ನು ಒತ್ತಿದಳು. ಯಜಮಾನ ಇಬ್ಬರನ್ನೂ ಕೇಳಿದ, ಇಬ್ಬರೂ ರೆಡಿ ಎಂದರು. ಬರೆದುಕೊಳ್ಳಿ ಎಂದ. ಸೂಳಗಿರಿ ಬರೆದುಕೊಂಡಿತು. ಹೊಸೂರಿಗೆ ಆ ಮಾತು ತಲುಪುವ ಮೊದಲೇ, ಹೈವೇ ಪಕ್ಕದಲ್ಲಿ ಚರಂಡಿ ಅಗೆಯುತ್ತಿದ್ದ ಜೇಸಿಬಿ ಕೇಬಲ್ಲನ್ನು ಕಿತ್ತೆಸೆಯಿತು. ಮಾಲಾಳ ಪರದೆಯಲ್ಲಿ ಚಕ್ರ ತಿರುಗುತ್ತಲೇ ಇತ್ತು. ಕಿಟಕಿಯಲ್ಲಿ ಜನ ಕೂಗುತ್ತಿದ್ದರು, ಅವಳು ಎದ್ದು ಅವರಿಗೆ ಮಾತ್ರೆ ಕೊಡಲು ಹೋದಳು.

ಹೊಸೂರಿನ ಡೇಟಾಬೇಸು ಕಾಯುತ್ತ ನಿಂತಿತು. ಐದು ನಿಮಿಷ, ಎಂಟು ನಿಮಿಷ. ಹತ್ತನೆಯ ನಿಮಿಷಕ್ಕೆ ಪೊರಕೆ ಬಂತು. ತನಗೆ ಕಲಿಸಿದ್ದನ್ನು ಚಾಚೂ ತಪ್ಪದೆ ಮಾಡಿತು. ಇಪ್ಪತ್ತೈದು ನಿಮಿಷದ ಮೇಲೆ ಲೈನು ಬಂದಾಗ ಯಜಮಾನ ಮತ್ತೆ ಹೊಸೂರನ್ನು ಕೇಳಿದ, ಆ ಹತ್ತು ಬರೆದೆಯಾ? ಅಂಥದ್ದು ನನ್ನ ಹತ್ತಿರ ಏನೂ ಇಲ್ಲ ಎಂದಿತು ಹೊಸೂರು. ಬಾಕಿ ಇಲ್ಲ ಎಂದರೆ ಬರೆದು ಮುಗಿಸಿದೆ ಎಂದು ಯಜಮಾನ ತಿಳಿದುಕೊಂಡ. ಅವನದೂ ತಪ್ಪೆನ್ನಲಾಗದು, ಮಾತು ಕೊಟ್ಟವರು ಹಿಂದೆಗೆಯುವುದಿಲ್ಲ ಎಂದೇ ಅವನಿಗೆ ಕಲಿಸಿದ್ದರು. ಎರಡೂ ಊರಿನ ಪರದೆಯಲ್ಲಿ ಈಗ ಹತ್ತು ಹತ್ತು ಸೀಸೆ. ಹೊಸೂರಿನ ಫ್ರಿಜ್ಜಿನಲ್ಲಿ ಮಾತ್ರ ಒಂದೂ ಇರಲಿಲ್ಲ. ಗುರುವಾರದ ಸರಕೂ ಬರಲಿಲ್ಲ. ಹೊಸೂರಿನಲ್ಲಿ ಹತ್ತು ಇದೆಯಲ್ಲ ಎಂದು ತರಿಸುವವರು ಮುಂದಿನ ವಾರಕ್ಕೆ ಹಾಕಿದ್ದರು.

ಶುಕ್ರವಾರ ಬೆಳಿಗ್ಗೆ ಏಳಕ್ಕೆ ಬಾಗಲೂರಿನ ಪಕ್ಕದ ಕೊತ್ತಂಬರಿ ತೋಟದಲ್ಲಿ ಬೈರಮ್ಮನಿಗೆ ನಾಗರ ಕಚ್ಚಿತು. ಮಗ ರಾಮಮೂರ್ತಿ ಫ್ಯಾಕ್ಟರಿಯಲ್ಲಿ ರಾತ್ರಿ ಶಿಫ್ಟು ಮುಗಿಸಿ ಆಗಷ್ಟೇ ಮನೆಗೆ ಬಂದಿದ್ದ. ತಿಳಿದವನು, ಮೊದಲು ಫೋನ್ ಮಾಡಿದ. "ಅವ್ವಂಗೆ ಹಾವು ಕಚ್ಬುಟ್ಟೈತೆ, ನಿಮ್ತಾವ ಇಂಜೆಕ್ಷನ್ ಐತಾ?" ರಿಸೆಪ್ಷನ್ನಿನವಳು ಪರದೆ ನೋಡಿ, ಹತ್ತು ಇದೆ, ಬೇಗ ಬನ್ನಿ ಎಂದಳು. ಆ ಮಾತು ನಂಬಿ ಅವರು ದಾರಿಯಲ್ಲಿ ಸಿಕ್ಕ ಇನ್ನೊಂದು ಆಸ್ಪತ್ರೆಯನ್ನು ದಾಟಿಕೊಂಡು ಬಂದರು. ಮಾಲಾ ಫ್ರಿಜ್ಜಿನ ಬಾಗಿಲು ತೆಗೆದು ನಿಂತಳು. ಬೈರಮ್ಮನ ರೆಪ್ಪೆ ಆಗಲೇ ಮೇಲೇಳುತ್ತಿರಲಿಲ್ಲ. ಮತ್ತೆ ಕಾರು ತಿರುಗಿಸಿ, ಫ್ಯಾಕ್ಟರಿ ಬಸ್ಸುಗಳ ಸಂದಣಿಯಲ್ಲಿ ಸಿಕ್ಕಿ, ದಾಟಿ ಬಂದಿದ್ದ ಆಸ್ಪತ್ರೆಗೆ ಹೋಗುವಷ್ಟರಲ್ಲಿ ಉಸಿರು ನಿಂತಿತ್ತು. ಅವಳಿಗೆ ನಲವತ್ತಾರು ವರ್ಷ.

ಶನಿವಾರ ಮ್ಯಾನೇಜರ್ ಮುರಳೀಕೃಷ್ಣ ರಘೋತ್ತಮನನ್ನು ಕರೆಸಿ, ಕಂಪ್ಯೂಟರ್ ಏನು ಹೇಳುತ್ತೆ ಎಂದು ಕೇಳಿದ. ರಘೋತ್ತಮ ಹೊಸೂರಿನ ದಾಖಲೆ ನೋಡಿ, ಕಳಿಸಿದ ನಮೂದೇ ಇಲ್ಲ ಎಂದ. ಆ ಹೊತ್ತಿಗೆ ಅದು ಅವನ ಮಟ್ಟಿಗೆ ನಿಜವೇ. ಸೂಳಗಿರಿಯಲ್ಲಿ ಹತ್ತು ಏರಿದೆಯಲ್ಲ ಎಂದು ಮುರಳೀಕೃಷ್ಣ ಕೇಳಿದ್ದಕ್ಕೆ, ಪೆಟ್ಟಿಗೆ ಬಂದಾಗ ಅಲ್ಲಿಯವರೇ ಕೈಯಿಂದ ಹಾಕಿಕೊಂಡಿರಬೇಕು ಎಂದು ಇಬ್ಬರೂ ತೀರ್ಮಾನಿಸಿದರು. ಹಾಗಾದರೆ ಒತ್ತುವುದನ್ನು ಮರೆತವಳು ಮಾಲಾ. ಅವಳನ್ನು ಕೆಲಸಕ್ಕೆ ಬರಬೇಡ ಎಂದು ಕಳಿಸಿದರು.

ಮಂಗಳವಾರ ದೀಪ್ತಿಯ ಫೋನು ಬಂತು. ಅವಳಿಗೆ ಸಾವಿನ ಸುದ್ದಿ ಗೊತ್ತಿರಲಿಲ್ಲ, ತಿಂಗಳಿಗೊಮ್ಮೆ ಯಜಮಾನನ ದಾಖಲೆ ತಿರುವಿ ನೋಡುವುದು ಅವಳ ವಾಡಿಕೆ.

"ಸಾರ್, ಒಂದು ವಿಚಿತ್ರ. ಹೋದ ಮಂಗಳವಾರ ಒಂದು ನಮೂದಿಗೆ ಹೊಸೂರು 'ರೆಡಿ' ಅಂದಿದೆ. ಆಮೇಲೆ ಕೇಳಿದ್ರೆ ಅಂಥದ್ದೇ ಇಲ್ಲ ಅಂದಿದೆ. ನಡುವೆ ಯಾರಾದ್ರೂ ತೆಗೆದ್ರಾ ಸಾರ್?"

ರಘೋತ್ತಮನಿಗೆ ಥಟ್ಟನೆ ನೆನಪಾಯಿತು. ಪೊರಕೆ! ಅಯ್ಯೋ, ಅದೊಂದಿದೆಯಲ್ಲ! "ನೋಡ್ತೀನಮ್ಮ" ಎಂದು ಫೋನಿಟ್ಟ. ಹಳೆಯ ಫೋಲ್ಡರು ಹುಡುಕಿ ತೆಗೆದ. ಪೊರಕೆ ತಾನು ಗುಡಿಸಿದ್ದನ್ನೆಲ್ಲ ಒಂದೊಂದು ಸಾಲಿನಲ್ಲಿ ಬರೆದಿಟ್ಟಿತ್ತು, ಅವನೇ ಕಲಿಸಿದ ಶಿಸ್ತು. ಮಂಗಳವಾರ, ಹನ್ನೊಂದು ಗಂಟೆ ನಲವತ್ತೊಂದು ನಿಮಿಷ, ಒಂದು ನಮೂದು ತೆಗೆಯಲಾಗಿದೆ. ಮೊದಲು ಪೊರಕೆಯನ್ನು ನಿಲ್ಲಿಸಿದ. ಆಮೇಲೆ ಎದ್ದು ಕೋಣೆಯ ಚಿಲಕ ಹಾಕಿಕೊಂಡು ಕೂತ.

ಹೇಳಬೇಕು, ಈಗಲೇ ಹೋಗಿ ಹೇಳಬೇಕು ಎಂದುಕೊಂಡ. ಮಧ್ಯಾಹ್ನ ಹೇಳೋಣ ಎಂದುಕೊಂಡ. ನಾಳೆ ಎಂದುಕೊಂಡ. ರಿಟೈರಾಗಲು ಇನ್ನು ಎರಡು ವರ್ಷ. ಆದರೆ ಬಾಯಿಗೆ ಬೀಗ ಹಾಕಿದ್ದು ಕೆಲಸದ ಭಯವೂ ಅಲ್ಲ, ಪೊಲೀಸರ ಭಯವೂ ಅಲ್ಲ. ಕಾರಿಡಾರಿನಲ್ಲಿ ನಡೆಯುವಾಗ ಜನ ದಾರಿ ಬಿಟ್ಟು ನಿಲ್ಲುತ್ತಿದ್ದರಲ್ಲ, ಆ ಹಾಳು ಮರ್ಯಾದೆ.

ಬುಧವಾರ ಮಾಲಾ ಫೋನ್ ಮಾಡಿದಳು. ಅವಳ ದನಿ ಕೆಳಗಿಳಿದಿತ್ತು.

"ಸಾರ್, ನಾನು ಒತ್ತಿದ್ದೆ ಅಂತ್ಲೇ ನೆಪ್ಪು ಸಾರ್. ಚಕ್ರ ತಿರುಗ್ತಿತ್ತು, ನಾನು ಕಿಟಕಿತಾವ ಹೋದೆ. ಈಗ ರಾತ್ರಿಯೆಲ್ಲ ಅದ್ನೇ ಯೋಚ್ನೆ ಮಾಡಿ ಮಾಡಿ ಒತ್ತುದ್ನೋ ಇಲ್ವೋ ಅಂತ ನಂಗೇ ಗೊತ್ತಾಯ್ತಿಲ್ಲ. ನೀವೇ ಇನ್ನೊಂದ್ಸಲ ನೋಡಿ ಹೇಳಿ ಸಾರ್. ನೀವು ಹೇಳಿದ್ರೆ ಮುಗೀತು."

ಅವನ ಮುಂದಿನ ಪರದೆಯ ಮೇಲೆ ಆ ಸಾಲು ಹಾಗೇ ತೆರೆದುಕೊಂಡಿತ್ತು. ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿದ. "ದಾಖಲೆಯಲ್ಲಿ ಇಲ್ಲಮ್ಮ" ಎಂದ.

"ಅಂಗಾದ್ರೆ ನಾನೇ ಮರ್ತಿವ್ನಿ ಸಾರ್" ಎಂದು ಫೋನಿಟ್ಟಳು. ಅಕ್ಷರ ಹಿಡಿದು ನೋಡಿದರೆ ಅವನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಸುಳ್ಳಾದರೂ ಹೇಳಿದ್ದರೆ ಒಳಗೆ ಇಷ್ಟು ಹೇಸಿಗೆ ಆಗುತ್ತಿರಲಿಲ್ಲವೇನೋ.

ಹನ್ನೊಂದು ದಿನ ಹೀಗೇ ಕಳೆಯಿತು. ದೀಪ್ತಿ ಮತ್ತೊಮ್ಮೆ ಕೇಳಿದಾಗ, ಡಿಸ್ಕಿನ ತೊಂದರೆ ಇರಬಹುದು, ನೋಡ್ತಿದೀನಿ ಎಂದು ಹಾರಿಸಿಬಿಟ್ಟ. ಊಟಕ್ಕೆ ಕೂತರೆ ಹುಳಿಗೆ ಹಾಕಿದ ಕೊತ್ತಂಬರಿ ಸೊಪ್ಪನ್ನು ಎತ್ತಿ ಎತ್ತಿ ತಟ್ಟೆಯ ಅಂಚಿಗಿಡುತ್ತಿದ್ದ. ಹೆಂಡತಿ ರಂಜಿನಿ ಹೈಸ್ಕೂಲು ಟೀಚರು, ಮಕ್ಕಳ ಮುಖ ನೋಡಿ ಒಳಗಿನದನ್ನು ಓದಿ ರೂಢಿಯಿದ್ದವಳು. "ಏನ್ರೀ, ಎರಡು ತುತ್ತಿಗೆ ಎದ್ದುಬಿಡ್ತೀರಲ್ಲ. ಯಾರಿಗೇನು ಮಾಡಿ ಬಂದಿದೀರಿ?" ಎಂದು ತಮಾಷೆಗೆ ಕೇಳಿದಳು. ಅವನು ಕೈ ತೊಳೆಯಲು ಎದ್ದುಹೋದ.

ಹನ್ನೆರಡನೆಯ ದಿನ ಮುರಳೀಕೃಷ್ಣ ಒಂದು ಫೈಲು ಮುಂದಿಟ್ಟ. ವರದಿ ಸಿದ್ಧವಾಗಿತ್ತು. ಸಿಬ್ಬಂದಿಯ ಮರೆವಿನಿಂದ ನಮೂದು ಆಗಿಲ್ಲ, ಕಂಪ್ಯೂಟರ್ ವ್ಯವಸ್ಥೆಯಲ್ಲಿ ದೋಷವಿಲ್ಲ. ಕೆಳಗೆ ಎರಡು ಸಹಿಗೆ ಜಾಗ. ಒಂದು ಆಗಲೇ ಆಗಿತ್ತು. ಅದರ ಹಿಂದೆ ಮಾಲಾಳ ಕೈಯ ತಮಿಳು ಕಾಗದ, ಅದೇ ದುಂಡಗಿನ ಅಕ್ಷರ. ಒತ್ತುವುದನ್ನು ನಾನು ಮರೆತೆ, ಆ ತಾಯಿಯ ಸಾವಿಗೆ ನಾನೇ ಕಾರಣ, ಯಾರ ಒತ್ತಾಯವೂ ಇಲ್ಲದೆ ಬರೆದುಕೊಟ್ಟಿದ್ದೇನೆ ಎಂದಿತ್ತು. ರಘೋತ್ತಮ ಅದನ್ನು ಎರಡು ಸಲ ಓದಿದ. ಪೆನ್ನನ್ನು ಮೇಜಿನ ಮೇಲಿಟ್ಟ.

"ಇದು ಸುಳ್ಳು. ಅವಳು ಒತ್ತಿದ್ದಾಳೆ. ನಾನು ಬರೆದ ಪ್ರೋಗ್ರಾಮು ಅದನ್ನ ಅಳಿಸಿಹಾಕಿದೆ" ಎಂದು ಜೇಬಿನಿಂದ ಮಡಿಸಿದ ಹಾಳೆ ತೆಗೆದಿಟ್ಟ. ಪೊರಕೆಯ ಆ ಸಾಲನ್ನು ಮುದ್ರಿಸಿ ಹನ್ನೊಂದು ದಿನದಿಂದ ಜೇಬಲ್ಲಿಟ್ಟುಕೊಂಡೇ ತಿರುಗಿದ್ದ.

ಮುರಳೀಕೃಷ್ಣ ಕೆಟ್ಟವನಲ್ಲ, ಬಾಗಿಲು ಹಾಕಿ ಬಂದು ಪಕ್ಕದಲ್ಲೇ ಕೂತ. "ನೋಡಪ್ಪ ರಘೋತ್ತಮ, ಅವಳೇ ಒಪ್ಕೊಂಡಿದಾಳೆ. ಪೊಲೀಸು ಗಿಲೀಸು ಏನಿಲ್ಲ, ಆ ಹುಡುಗನೂ ಕಂಪ್ಲೇಂಟು ಕೊಟ್ಟಿಲ್ಲ. ಈಗ ಯಂತ್ರದ್ದೇ ತಪ್ಪು ಅಂದ್ರೆ ಮೂರು ಊರಿನ ಆಸ್ಪತ್ರೆಗೂ ಬೀಗ ಬೀಳುತ್ತೆ. ಇಷ್ಟು ದಿನ ಎಲ್ಲಿಟ್ಟಿದ್ದೆ ಇದನ್ನ? ಅಲ್ಲೇ ಇಟ್ಕೊಂಡಿರು."

"ನಾನು ಸಹಿ ಹಾಕಲ್ಲ" ಎಂದ ರಘೋತ್ತಮ.

"ಹಾಕಬೇಡ. ಒಂದು ಸಹಿಗೂ ವರದಿ ಹೋಗುತ್ತೆ" ಎಂದು ಮುರಳೀಕೃಷ್ಣ ಹಾಳೆಯನ್ನು ಡ್ರಾಯರಿಗೆ ಹಾಕಿ ಬೀಗ ತಿರುಗಿಸಿದ.

ಹೋಗಲಿ, ಅವಳಿಗಾದರೂ ಹೇಳುತ್ತೇನೆ ಎಂದುಕೊಂಡ ರಘೋತ್ತಮ. ವರದಿ ಎಲ್ಲಿಗಾದರೂ ಹೋಗಲಿ, ಅವಳ ಮನಸ್ಸಿನಿಂದ ಆ ಭಾರ ಇಳಿದರೆ ಸಾಕು. ಇನ್ನೊಂದು ಹಾಳೆ ಮುದ್ರಿಸಿಕೊಂಡು, ಮಧ್ಯಾಹ್ನವೇ ರಜೆ ಹಾಕಿ ಬಾಗಲೂರಿನ ಬಸ್ಸು ಹತ್ತಿದ. ದಾರಿಯುದ್ದಕ್ಕೂ ಮಾತನ್ನು ಒಳಗೊಳಗೇ ಜೋಡಿಸಿಕೊಂಡ. ಬೈದರೆ ಬೈಸಿಕೊಳ್ಳುವುದು. ಚಪ್ಪಲಿ ತೆಗೆದು ಹೊಡೆದರೂ ಸರಿ.

ಮಾಲಾ ಜಗಲಿಯ ಮೇಲೆ ಕೂತಿದ್ದಳು. ಮುಂದೆ ಮಣ್ಣು ಹತ್ತಿದ ಕೊತ್ತಂಬರಿ ರಾಶಿ. ಬಾಳೆನಾರಿನಿಂದ ಕಟ್ಟು ಕಟ್ಟಿ ಒದ್ದೆ ಗೋಣಿಯ ಮೇಲೆ ಸಾಲಾಗಿ ಇಡುತ್ತಿದ್ದಳು. ಅವನನ್ನು ಕಂಡು ಗಡಬಡಿಸಿ ಎದ್ದಳು. "ಅಯ್ಯೋ, ಸಾರ್! ಬನ್ನಿ ಸಾರ್, ಕುಂತ್ಕಳಿ." ಒಳಗಿಂದ ಕುರ್ಚಿ ತಂದಳು, ಸೆರಗಿನಿಂದ ಒರೆಸಿದಳು.

"ಇದೇನಮ್ಮ, ಕೊತ್ತಂಬರಿ ವ್ಯಾಪಾರಾನಾ?"

"ನಮ್ದಲ್ಲ ಸಾರ್. ಬೈರಮ್ಮನೋರ ತ್ವಾಟದ್ದು." ಅವಳು ಮತ್ತೆ ಕೂತು ಕಟ್ಟಲು ತೊಡಗಿದಳು. "ಅವ್ರ ಮಗ ಶಿಫ್ಟಿಗೋಯ್ತಾನೆ, ಕಟ್ಟಾಕೆ ಮನ್ಯಾಗೆ ಯಾರೂ ಇಲ್ಲ. ಬೈರಮ್ಮನೋರೇ ದಿನಾ ನೂರು ಕಟ್ಟು ಕಟ್ತಿದ್ರಂತೆ. ನಾನೋಗಿ ಕಾಲಿಗೆ ಬಿದ್ದೆ ಸಾರ್, ನಂದೇ ತಪ್ಪು ಅಂತ ಹೇಳ್ದೆ. ಆವಯ್ಯ ಏನೂ ಅನ್ಲಿಲ್ಲ. ಮಾರ್ನೇ ದಿನದಿಂದ ನಾನೇ ಓಗಿ ಸೊಪ್ಪು ತತ್ತೀನಿ, ಕಟ್ಟಿ ಕೊಟ್ಬತ್ತೀನಿ. ತಗೊಂಡೋಗು ಅನ್ನಲ್ಲ, ಬ್ಯಾಡ ಅಂತ್ಲೂ ಅನ್ನಲ್ಲ."

ರಘೋತ್ತಮ ಜೋಡಿಸಿಕೊಂಡು ಬಂದ ಮಾತೆಲ್ಲ ಚದುರಿಹೋಯಿತು. ಕುರ್ಚಿ ಬಿಟ್ಟು ಅವಳ ಎದುರಿಗೆ ಜಗಲಿಯ ಮೇಲೇ ಕೂತ.

"ಮಾಲಾ, ಕೇಳಿಲ್ಲಿ. ನೀನು ಒತ್ತಿದ್ದೆ ಕಣಮ್ಮ. ನೀನು ಒತ್ತಿದ್ದೆ. ಸೂಳಗಿರಿಗೆ ಅದು ಹೋಗಿ ಸೇರಿದೆ. ಇಲ್ಲಿ ನಾನು ಯಾವತ್ತೋ ಬರೆದಿಟ್ಟಿದ್ದ ಒಂದು ಪ್ರೋಗ್ರಾಮು ಅದನ್ನ ಅಳಿಸಿಬಿಡ್ತು. ತಪ್ಪು ನಂದು. ನಿಂದೇನೂ ಇಲ್ಲ." ಹಾಳೆ ಬಿಡಿಸಿ ಆ ಸಾಲಿನ ಮೇಲೆ ಬೆರಳಿಟ್ಟ. "ನೋಡು, ಹನ್ನೊಂದು ನಲವತ್ತೊಂದು. ಇದೇ ನಿನ್ನ ನಮೂದು."

ಮಾಲಾ ಕೈಯ ಮಣ್ಣನ್ನು ಸೀರೆಗೆ ಒರೆಸಿಕೊಂಡು ಹಾಳೆ ತೆಗೆದುಕೊಂಡಳು. ತಿರುಗಿಸಿ ಮುರುಗಿಸಿ ನೋಡಿದಳು. ಇಂಗ್ಲಿಷ್ ಅಕ್ಷರ, ಅಂಕಿ, ಗೆರೆ. ಅವಳ ಕಣ್ಣಲ್ಲಿ ನೀರು ತುಂಬಿತು. ಒಪ್ಪಿದಳು ಎಂದುಕೊಂಡ ರಘೋತ್ತಮ, ಅವನಿಗೂ ಉಸಿರು ಬಂದಂತಾಯಿತು.

"ಎಷ್ಟು ದೊಡ್ಡ ಮನ್ಸು ಸಾರ್ ನಿಮ್ದು" ಎಂದಳು. "ನನ್ನ ಉಳ್ಸಾಕೆ ಅಂತ ಇಷ್ಟು ದೂರ ಬಂದು, ನಿಮ್ಮ ಮೇಲೆ ನೀವೇ ಹಾಕ್ಕೊಂತೀರಲ್ಲ. ಬ್ಯಾಡಿ ಸಾರ್. ನನ್ನ ಸಲುವಾಗಿ ನಿಮ್ಮ ಎಸ್ರು ಕೆಡಿಸ್ಕಬ್ಯಾಡಿ."

"ಅಯ್ಯೋ, ನಿಜ ಕಣಮ್ಮ! ದೇವರಾಣೆ ನಿಜ. ನನಗೆ ಗೊತ್ತಿತ್ತು. ಗೊತ್ತಿದ್ದೂ ಮುಚ್ಚಿಟ್ಟೆ."

ಅವಳು ಹಾಳೆಯನ್ನು ಮೊದಲಿದ್ದ ಮಡಿಕೆಯಲ್ಲೇ ಮಡಿಸಿ ಅವನ ಕೈಗಿಟ್ಟಳು. ಅಳುತ್ತಲೇ ನಕ್ಕಳು. ಹಟ ಮಾಡುವ ಮಗುವಿಗೆ ಬುದ್ಧಿ ಹೇಳುವವಳ ಹಾಗೆ ಮೆಲ್ಲಗೆ ಮಾತಾಡಿದಳು.

"ನಿಜ ಆಗಿದ್ರೆ ಆವತ್ತು ನಾನು ಫೋನ್ ಮಾಡಿದ್ನಲ್ಲ ಸಾರ್, ಆವಾಗ್ಲೇ ಹೇಳ್ಬುಡ್ತಿದ್ರಿ ನೀವು. ಗೊತ್ತಿದ್ದೂ ಸುಮ್ಕಿರೋ ಮನುಸ್ರಾ ನೀವು? ಅಂಗಂತ ಯಾರೇ ಬಂದು ಹೇಳ್ಲಿ, ನಾನು ನಂಬಾಕಿಲ್ಲ."

ರಘೋತ್ತಮ ಹಾಳೆಯನ್ನು ಜೇಬಿಗಿಟ್ಟುಕೊಂಡ. ಅವಳು ಒಳಗೆ ಹೋಗಿ ಕಾಫಿ ತಂದಳು, ಅವನು ಕುಡಿದ. ಐದೂವರೆ ಬಸ್ಸಿಗೆ ಎದ್ದು ನಿಂತಾಗ ಮಾಲಾ ಗೋಣಿಯ ಮೇಲಿನ ಸಾಲಿನಿಂದ ಒಂದು ದಪ್ಪ ಕಟ್ಟು ಆರಿಸಿ, ನೀರು ಕೊಡವಿ ಮುಂದೆ ಚಾಚಿದಳು.

"ಇದ್ರ ದುಡ್ಡು ನಾನೇ ಆವಯ್ಯಂಗೆ ಕೊಡ್ತೀನಿ. ಮನ್ಯಾಗೆ ಅಮ್ಮೋರಿಗೆ ಕೊಡಿ ಸಾರ್" ಎಂದಳು.

ರಘೋತ್ತಮ ಎರಡೂ ಕೈ ಚಾಚಿ ತೆಗೆದುಕೊಂಡ.